ಸಹಾಯ ಬೇಕು: ಮಂಡಿ ಸವೆದಿದೆ, ಅಮ್ಮ ನಡೆಯಬೇಕಾ ಬೇಡವಾ?

ನಮ್ಮದು ತೀರ್ಥಹಳ್ಳಿ ಹತ್ತಿರ. ಅಮ್ಮನಿಗೆ 62 ವರ್ಷ. ಅಡಿಕೆ ತೋಟಕ್ಕೆ ಇಳಿಜಾರು ದಾರಿ, ಹತ್ತುವುದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ. ಬೆಳಿಗ್ಗೆ ಮಂಡಿ ಹಿಡಿದುಕೊಂಡಿರುತ್ತದೆ, ಹತ್ತಿಪ್ಪತ್ತು ನಿಮಿಷಕ್ಕೆ ಸಡಿಲವಾಗುತ್ತದೆ. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದೆವು. ಮೆದುಮೂಳೆ ಸವೆದು ಕೀಲಿನ ಸಂದು ಕಿರಿದಾಗಿದೆ, ಸವೆದದ್ದು ಮತ್ತೆ ಮೊದಲಿನಂತಾಗುವುದಿಲ್ಲ ಎಂದರು. ಎಣ್ಣೆ ತಿಕ್ಕಿದ್ದಾಯಿತು, ಶಾಖ, ಮಾತ್ರೆ, ಮಂಡಿಪಟ್ಟಿ ಎಲ್ಲ ಆಯಿತು. ನೋವಿಗೆ ಹೆದರಿ ಮಳೆಗಾಲವಿಡೀ ಸುಮ್ನೆ ಕೂತರು. ಈಗ ತೊಡೆ ಸೊರಗಿ ಏಳುವುದೇ ಕಷ್ಟ. ನೋಡಿದರೆ ಸಂಕಟವಾಗುತ್ತದೆ.

ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ, ದಿನಾ ನಡೆಯಲಿ ಎನ್ನುತ್ತಾರೆ ಡಾಕ್ಟರ್. ನನ್ನ ಗೊಂದಲ ಇಲ್ಲೇ. ನಡೆದರೆ ಇನ್ನೂ ಸವೆಯುವುದಿಲ್ವಾ? ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಹೇಳಿ: ವ್ಯಾಯಾಮ ಮಾಡಿದ ಮೇಲೆ ಎಷ್ಟು ನೋವು ಸಹಜ, ಯಾವ ಹಂತದಲ್ಲಿ ನಿಲ್ಲಿಸಬೇಕು?