ಫೋಟೋದಲ್ಲಿರೋದು ಯಾವ ಶಟಲ್?

ಪುಟ್ಟಿ, ಶಾಲೆಯ ಚಾರ್ಟ್‌ಗೆ ಅಂತ ನೀನು ಗ್ರೂಪಲ್ಲಿ ಹಾಕಿದ ಫೋಟೋ ನೋಡಿದೆ. ಚೆನ್ನಾಗಿವೆ, ಆದರೆ ನಾಲ್ಕರ ಕೆಳಗೂ "ಕಲ್ಪನಾ ಚಾವ್ಲಾ ಹೋದ ನೌಕೆ" ಅಂತ ಬರೆದಿದ್ದೀಯಲ್ಲ, ಅದು ಸರಿಯಿಲ್ಲಮ್ಮ. ಪ್ರಿಂಟ್ ಹಾಕಿಸೋ ಮುಂಚೆ ಇದನ್ನ ಪೂರ್ತಿ ಓದು, ಮಾವ ಉದ್ದುದ್ದ ಬರೀತಾರೆ ಅಂತ ನಿಮ್ಮಮ್ಮ ಗೊಣಗಿದರೂ ಪರವಾಗಿಲ್ಲ.

ಕಲ್ಪನಾ ಹೋಗಿದ್ದು ಎರಡು ಸಲ, 1997ರಲ್ಲಿ ಒಮ್ಮೆ, 2003ರಲ್ಲಿ ಇನ್ನೊಮ್ಮೆ. ಎರಡು ಸಲವೂ ಕೊಲಂಬಿಯಾದಲ್ಲೇ. ಶಟಲ್ ಅಂದರೆ ರಾಕೆಟ್ ಥರ ಮೇಲೇರಿ ವಿಮಾನದ ಥರ ಇಳಿಯೋ ರೆಕ್ಕೆಯ ನೌಕೆ. ನಾಸಾದವರ ಹತ್ತಿರ ಬಾಹ್ಯಾಕಾಶಕ್ಕೆ ಹೋಗಿ ಬಂದ ಶಟಲ್ ಐದಿದ್ದವು: ಕೊಲಂಬಿಯಾ, ಚಾಲೆಂಜರ್, ಡಿಸ್ಕವರಿ, ಅಟ್ಲಾಂಟಿಸ್, ಎಂಡೆವರ್. ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತವೆ. ಆದರೆ ರೆಕ್ಕೆ ಮೈಗೆ ಸೇರೋ ಕಡೆ ಮುಂಭಾಗ ನೋಡು, ಅಲ್ಲಿ ಮೇಲ್ಗಡೆಯೂ ಕಪ್ಪಾಗಿದ್ದರೆ ಅದು ಕೊಲಂಬಿಯಾ. ಮಿಕ್ಕ ನಾಲ್ಕಕ್ಕೂ ಆ ಜಾಗ ಬಿಳಿ.

ನಿನ್ನ ಮೊದಲನೇ ಫೋಟೋದಲ್ಲಿ ಶಟಲ್‌ಗೆ ಕಟ್ಟಿರೋ ದೊಡ್ಡ ಇಂಧನದ ಟ್ಯಾಂಕ್ ಬಿಳಿ ಇದೆ ನೋಡು. ಅದೂ ಕೊಲಂಬಿಯಾನೇ, ಆದರೆ 1981ರದ್ದು. ಕಲ್ಪನಾ ಆಗಿನ್ನೂ ಚಂಡೀಗಢದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಮೊದಲ ಎರಡು ಹಾರಾಟಕ್ಕೆ ಮಾತ್ರ ಟ್ಯಾಂಕಿಗೆ ಬಿಳಿ ಪೇಂಟ್ ಹೊಡೆದಿದ್ದರು, ಆಮೇಲೆ ಸುಮ್ನೆ ಭಾರ ಯಾಕೆ ಅಂತ ಬಿಟ್ಟರು, ಸುಮಾರು 270 ಕಿಲೋ ಉಳಿಯಿತಂತೆ. ಆಮೇಲಿನ ಫೋಟೋಗಳಲ್ಲಿ ಕಾಣೋ ಕಿತ್ತಳೆ ಬಣ್ಣ ಪೇಂಟ್ ಅಲ್ಲ, ಟ್ಯಾಂಕಿನ ಮೇಲೆ ಶಾಖ ತಡೆಯೋಕೆ ಹಾಕಿದ ಫೋಮ್. 2003ರಲ್ಲಿ ಮೇಲೇಳುವಾಗ ಆ ಫೋಮಿನ ತುಂಡೇ ಕಿತ್ತು ಎಡ ರೆಕ್ಕೆಯ ಅಂಚಿಗೆ ಬಡಿದಿದ್ದು. ಫೆಬ್ರವರಿ 1ಕ್ಕೆ ವಾಪಸ್ ಬರುವಾಗ ಅಲ್ಲಿಂದ ಬಿಸಿ ಅನಿಲ ಒಳಗೆ ನುಗ್ಗಿ ನೌಕೆ ಚೂರಾಯಿತು, ಏಳೂ ಜನ ಹೋದರು.

ಎರಡನೇದು ಅಮೆರಿಕದ್ದೇ ಅಲ್ಲ! ನೌಕೆಯನ್ನ ಬೆನ್ನ ಮೇಲೆ ಹೊತ್ತಿರೋ ವಿಮಾನಕ್ಕೆ ಆರು ಎಂಜಿನ್ ಇವೆ, ಎಣಿಸು. ಅದು ಸೋವಿಯತ್‌ನವರ ಬುರಾನ್. 1988ರಲ್ಲಿ ಒಂದೇ ಒಂದು ಸಲ ಹೋಗಿ ಬಂತು, ಅದೂ ಒಳಗೆ ಜನ ಇಲ್ಲದೆ. ನಾಸಾ ತನ್ನದನ್ನು ಸಾಗಿಸುತ್ತಿದ್ದದ್ದು 747ರ ಬೆನ್ನ ಮೇಲೆ, ಅದಕ್ಕೆ ನಾಲ್ಕೇ ಎಂಜಿನ್. ಮೂರನೇದರಲ್ಲಿ ಎಂಟರ್‌ಪ್ರೈಸ್ ಅಂತ ಮೈಮೇಲೇ ಬರೆದಿದೆ, ಅದು ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ, 1977ರಲ್ಲಿ ಇಳಿಯೋದನ್ನ ಪರೀಕ್ಷೆ ಮಾಡೋಕೆ ಬಳಸಿದ್ದು. ನಾಲ್ಕನೇದು ಸರಿ ಇದೆ, ಅದನ್ನ ದೊಡ್ಡದಾಗಿ ಹಾಕು.

ಇನ್ನೊಂದು, "ಪೂರ್ತಿ ಮರುಬಳಕೆ" ಅಂತ ಬರೆಯಬೇಡ. ಶಟಲ್ ವಾಪಸ್ ಬರುತ್ತಿತ್ತು, ಮೇಲೇಳೋಕೆ ಬಲ ಕೊಡೋ ಪಕ್ಕದ ಎರಡು ರಾಕೆಟ್ (ಬೂಸ್ಟರ್) ಪ್ಯಾರಾಚೂಟಲ್ಲಿ ಸಮುದ್ರಕ್ಕೆ ಬೀಳುತ್ತಿದ್ದವು, ಹಡಗಿನವರು ಎಳೆದು ತರುತ್ತಿದ್ದರು. ಟ್ಯಾಂಕ್ ಮಾತ್ರ ಪ್ರತಿ ಸಲ ಹೊಸದು. ಬಂದ ಶಟಲ್ಲೂ ತಕ್ಷಣ ಹೊರಡುತ್ತಿರಲಿಲ್ಲ, ಮೈಮೇಲಿನ ಬಿಸಿ ತಡೆಯೋ ಸಾವಿರಾರು ಟೈಲ್ಸ್ ಒಂದೊಂದಾಗಿ ನೋಡಬೇಕಿತ್ತು. ತುಂಬಾ ಜಾಸ್ತಿ ಹಾರಿದ ವರ್ಷ 1985, ಆಗಲೂ 9 ಸಲ ಅಷ್ಟೇ. 30 ವರ್ಷದಲ್ಲಿ ಒಟ್ಟು 135. ನನಗಂತೂ ಆಶ್ಚರ್ಯ ಅನ್ನಿಸೋದು ಇಳಿಯೋದು: ಎಂಜಿನ್ ಬಲವಿಲ್ಲದೆ ತೇಲಿಕೊಂಡು ಬಂದು ಗಂಟೆಗೆ 340 ಕಿ.ಮೀ. ಆಸುಪಾಸಿನ ವೇಗದಲ್ಲಿ ರನ್‌ವೇ ಮುಟ್ಟಬೇಕು, ತಪ್ಪಿದರೆ ಮತ್ತೆ ಮೇಲೇಳೋ ಹಾಗಿಲ್ಲ.

ದೊಡ್ಡಪ್ಪ, ನಮ್ಮದು ಏನಾದರೂ ಇದೆಯಾ ಅಂತ ಕೇಳಿದ್ರಲ್ಲ, ಇಸ್ರೋದ ಪುಷ್ಪಕ್ ಇದೆ, ಮರುಬಳಕೆಗೆ ಅಂತ ಮಾಡಿದ ರೆಕ್ಕೆಯ ಪರೀಕ್ಷಾ ನೌಕೆ. ಚಿತ್ರದುರ್ಗದ ಚಳ್ಳಕೆರೆ ಹತ್ತಿರ ಹೆಲಿಕಾಪ್ಟರಿಂದ ಬಿಟ್ಟು ತಾನೇ ಇಳಿಯೋ ಹಾಗೆ ಪರೀಕ್ಷೆ ಮಾಡಿದ್ದಾರೆ. ಚಿಕ್ಕದು, ಜನ ಕೂರೋದಲ್ಲ. ಪುಟ್ಟಿ, ಬುರಾನ್ ತೆಗೆದು ಆ ಜಾಗಕ್ಕೆ ಅದನ್ನ ಬೇಕಾದರೆ ಹಾಕು, ಆದರೆ ಅದು ಯಾವುದು ಅಂತ ಕೆಳಗೆ ಸರಿಯಾಗಿ ಬರಿ. ತಿದ್ದಿದ ಮೇಲೆ ಇಲ್ಲೇ ಕಳಿಸು, ಒಂದು ಸಲ ನೋಡ್ತೀನಿ.