ರಸ್ತೆಯಲ್ಲಿ ತಡೆದು ಮೊಬೈಲ್ ಪರಿಶೀಲಿಸಲು ಪೊಲೀಸರಿಗೆ ಅಧಿಕಾರವಿದೆಯೇ?

ರಾತ್ರಿ ಪಾಳಿಯವ:
ಕಳೆದ ವಾರ ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟಿದ್ದಾಗ ನಾಕಾಬಂದಿಯಲ್ಲಿದ್ದ ಪೊಲೀಸರು ನನ್ನನ್ನು ತಡೆದರು. ಲೈಸೆನ್ಸ್, ವಿಮೆ ಎಲ್ಲವೂ ಸರಿಯಾಗಿದ್ದವು. ಅದಾದ ಮೇಲೂ ಒಬ್ಬ ಕಾನ್‌ಸ್ಟೆಬಲ್ ಮೊಬೈಲಿನ ಲಾಕ್ ತೆಗೆಸಿ, ವಾಟ್ಸ್‌ಆ್ಯಪ್‌ನಲ್ಲಿ ‘ಗಾಂಜಾ’ ಎಂದು ಹುಡುಕಿ, ಏನೂ ಸಿಗದಿದ್ದಾಗ ಫೋಟೊಗಳನ್ನೂ ನೋಡಿ ಹಿಂದಿರುಗಿಸಿದರು. ಬೈಗುಳವಿರಲಿಲ್ಲ, ಲಂಚದ ಮಾತೂ ಇರಲಿಲ್ಲ. ಆದರೆ ನನ್ನ ಹೆಂಡತಿಯ ಸಂದೇಶಗಳನ್ನು ಅಪರಿಚಿತರೊಬ್ಬರು ಬೀದಿದೀಪದ ಕೆಳಗೆ ನಿಂತು ಓದಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಕೊಡುವುದಿಲ್ಲ ಎನ್ನಬಹುದಿತ್ತೇ?

ನಿವೃತ್ತ ಪಿಎಸ್‌ಐ:
ನಿಮಗಾದ ಮುಜುಗರ ಅರ್ಥವಾಗುತ್ತದೆ. ಆದರೆ ಪೊಲೀಸರಿಗೆ ಅಧಿಕಾರವೇ ಇಲ್ಲವೆಂದು ಯಾರೂ ಭಾವಿಸಬಾರದು. 1985ರ ಮಾದಕ ವಸ್ತು ಕಾಯ್ದೆಯ 43ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ವ್ಯಕ್ತಿಯನ್ನು ತಡೆದು ಶೋಧಿಸಲು ಅವಕಾಶ ಕೊಡುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 172ನೇ ಕಲಮಿನ ಪ್ರಕಾರ ಪೊಲೀಸರ ನಿರ್ದೇಶನವನ್ನು ಪಾಲಿಸುವುದು ಜನರ ಕರ್ತವ್ಯ. ಇಂದು ಗಾಂಜಾ ಮಾರಾಟದ ಮಾತುಕತೆ ನಡೆಯುವುದು ಮೊಬೈಲಿನಲ್ಲೇ ಎಂಬುದನ್ನೂ ಮರೆಯಬಾರದು.

ಕಾನೂನು ವಿದ್ಯಾರ್ಥಿನಿ:
ಸರ್, ನೀವು ಹೇಳಿದ ಎರಡೂ ಕಲಮುಗಳನ್ನು ಪೂರ್ತಿ ಓದಿದರೆ ಚಿತ್ರ ಬದಲಾಗುತ್ತದೆ. 43ನೇ ಕಲಮಿನ ಶೋಧಕ್ಕೆ, ಆ ವ್ಯಕ್ತಿ ಅಪರಾಧ ಮಾಡಿದ್ದಾನೆಂದು ನಂಬಲು ಅಧಿಕಾರಿಗೆ ಕಾರಣವಿರಬೇಕು. ರಾತ್ರಿ ಬೈಕಿನಲ್ಲಿ ಹೋಗುವುದೇ ಕಾರಣವಾಗುವುದಿಲ್ಲ. 172ನೇ ಕಲಮು ಇರುವುದು ಅಪರಾಧ ತಡೆಗಟ್ಟುವ ಅಧ್ಯಾಯದಲ್ಲಿ, ಅದರ ಕೆಳಗೆ ಪಾಲಿಸಬೇಕಾದದ್ದೂ ಕಾನೂನುಬದ್ಧವಾದ ನಿರ್ದೇಶನವನ್ನು ಮಾತ್ರ. ವಾರಂಟ್ ಇಲ್ಲದ ಶೋಧಕ್ಕಿರುವ, ಅದೇ ಸಂಹಿತೆಯ 185ನೇ ಕಲಮು ತನಿಖೆಯ ಮಾತನ್ನಾಡುತ್ತದೆ, ಕಾರಣಗಳನ್ನು ಮೊದಲೇ ಬರೆದಿಡಬೇಕೆನ್ನುತ್ತದೆ. ಇಲ್ಲಿ ಪ್ರಕರಣವೇ ದಾಖಲಾಗಿರಲಿಲ್ಲ, ಯಾವುದರ ತನಿಖೆ?

ನಮ್ಮ ಹೈಕೋರ್ಟು 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಎಂಬ ಆರೋಪಿಯ ಪ್ರಕರಣದಲ್ಲಿ ಮೊಬೈಲ್ ಶೋಧದ ವಿಷಯವನ್ನು ವಿವರವಾಗಿ ಚರ್ಚಿಸಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಆರೋಪಿ ನಿರಾಕರಿಸಿದರೆ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು. ಆರೋಪಿಗೇ ಇಷ್ಟು ರಕ್ಷಣೆಯಿರುವಾಗ ದಾರಿಹೋಕನಿಗೆ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರಾದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು.

ಇಬ್ಬರು ಮಕ್ಕಳ ತಾಯಿ:
ನನ್ನ ಮಗ ಪಿಯುಸಿಯಲ್ಲಿದ್ದಾನೆ. ಕಾಲೇಜಿನ ಸುತ್ತ ಯಾರು ಏನು ಮಾರುತ್ತಾರೆಂಬ ಭಯ ನನಗೆ ದಿನವೂ ಇದೆ. ಎರಡು ನಿಮಿಷ ಮೊಬೈಲ್ ತೋರಿಸಿದರೆ ತಪ್ಪಿಲ್ಲದವರು ಏನನ್ನು ಕಳೆದುಕೊಳ್ಳುತ್ತಾರೆ?

ಬಯಲುಸೀಮೆಯವ:
ಅಮ್ಮಾ, ನಿಮ್ಮ ಭಯವನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ನಾಕಾಬಂದಿಯಲ್ಲಿ ಯಾರ ಮೊಬೈಲ್ ಕೇಳುತ್ತಾರೆಂಬುದನ್ನು ಗಮನಿಸಿದ್ದೀರಾ? ಕಾರಿನ ಗಾಜು ಇಳಿಸಿ ಇಂಗ್ಲಿಷಿನಲ್ಲಿ ಮಾತನಾಡುವವರದ್ದನ್ನು ಕೇಳಿದ್ದನ್ನು ನಾನಂತೂ ನೋಡಿಲ್ಲ. ಊಟ ತಲುಪಿಸುವ ಹುಡುಗರದ್ದು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರದ್ದು, ನನ್ನಂಥವರದ್ದು ಕೇಳುತ್ತಾರೆ. ಅದನ್ನೂ ಗದರಿಸಿ ಕೇಳುವುದಿಲ್ಲ. ‘ಕೊಡಪ್ಪಾ, ನೋಡೋಣ’ ಎನ್ನುತ್ತಾರೆ. ಲಾಠಿ ಹಿಡಿದವರು ರಾತ್ರಿ ಒಂದು ಗಂಟೆಗೆ ಹೇಳುವ ಈ ಮಾತು ವಿನಂತಿಯೋ ಆಜ್ಞೆಯೋ ಎಂದು ವಿಚಾರಿಸುವ ಧೈರ್ಯ ನಮಗಿರುವುದಿಲ್ಲ, ಆದ್ದರಿಂದ ಕೊಡುತ್ತೇವೆ. ಆಮೇಲೆ ಯಾರಾದರೂ ಕೇಳಿದರೆ ‘ಅವನೇ ಕೊಟ್ಟ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಲ್ಲರೂ ಹೀಗೆ ಕೊಡುತ್ತಿರುವವರೆಗೆ ಪೊಲೀಸರಿಗೆ ಯಾವ ಕಲಮಿನ ಅಗತ್ಯವೂ ಬೀಳುವುದಿಲ್ಲ.

ನಿವೃತ್ತ ಪಿಎಸ್‌ಐ:
ಈ ಮಾತನ್ನು ಒಪ್ಪುತ್ತೇನೆ. ‘ಅವನೇ ಕೊಟ್ಟ’ ಎಂದು ನಾನೂ ಮೇಲಧಿಕಾರಿಗಳಿಗೆ ಹೇಳಿದ್ದುಂಟು. ವೃತ್ತಿಯ ದೃಷ್ಟಿಯಿಂದ ಇನ್ನೊಂದು ವಿಷಯವಿದೆ. ಹೀಗೆ ರಸ್ತೆಯಲ್ಲಿ ಬೆರಳಾಡಿಸಿದ ಮೊಬೈಲಿನಲ್ಲಿ ನಿಜವಾಗಿಯೂ ಏನಾದರೂ ಸಿಕ್ಕಿದರೆ, ಪಂಚರಿಲ್ಲ, ಮಹಜರಿಲ್ಲ, ಈಗ ಕಡ್ಡಾಯವಾಗಿರುವ ವಿಡಿಯೊ ಚಿತ್ರೀಕರಣವೂ ಇಲ್ಲ. ಪ್ರತಿವಾದಿ ವಕೀಲರು ನ್ಯಾಯಾಲಯದಲ್ಲಿ ಮೊದಲು ಹಿಡಿಯುವುದೇ ಅದನ್ನು. ಮೊಬೈಲಿನಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ (ದತ್ತಾಂಶ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ನಮೂದಿಸಬೇಕು. ತಾಯಿಯವರು ಹೇಳಿದ ಮಾರಾಟಗಾರ ಬಿಡುಗಡೆಯಾಗಿ ಹೊರಬರುವುದು ಇಂಥ ಅವಸರದಿಂದಲೇ.

ಇಬ್ಬರು ಮಕ್ಕಳ ತಾಯಿ:
ಹಾಗಿದ್ದರೆ ನಾನು ಬಯಸಿದ ರಕ್ಷಣೆಯೂ ಸಿಗುತ್ತಿಲ್ಲವೆಂದಾಯಿತು. ಆದರೂ ನಾಕಾಬಂದಿಯೇ ಬೇಡವೆಂದು ನಾನು ಹೇಳಲಾರೆ.

ಕಾನೂನು ವಿದ್ಯಾರ್ಥಿನಿ:
ಹಾಗೆ ಇಲ್ಲಿ ಯಾರೂ ಹೇಳುತ್ತಿಲ್ಲ. ನಾನು ಮೇಲೆ ಬಿಟ್ಟ ಒಂದು ಮಾತನ್ನೂ ಸೇರಿಸಬೇಕು: 2021ರ ಆ ತೀರ್ಪು ಪೂರ್ತಿಯಾಗಿ ನಾಗರಿಕರ ಪರವಾಗಿಲ್ಲ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ, ಹಾಗಾಗಿ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಅದಕ್ಕಿಲ್ಲ ಎಂದೂ ಅದು ಹೇಳಿದೆ. ಈ ಭಾಗದ ಬಗ್ಗೆ ನನಗೆ ತಕರಾರಿದೆ, ಆದರೆ ಮುಚ್ಚಿಡುವಂತಿಲ್ಲ.

ರಾತ್ರಿ ಪಾಳಿಯವ:
ಎಲ್ಲರಿಗೂ ವಂದನೆಗಳು. ನಿವೃತ್ತ ಪಿಎಸ್‌ಐ ಅವರೇ, ನಾಳೆಯೂ ಅದೇ ರಸ್ತೆಯಲ್ಲಿ ಹೋಗಬೇಕಾಗಿದೆ. ಏನು ಹೇಳಲಿ?

ನಿವೃತ್ತ ಪಿಎಸ್‌ಐ:
ದನಿ ಏರಿಸಬೇಡಿ. ವಾಹನದ ದಾಖಲೆ ಕೊಡಿ. ಮೊಬೈಲ್ ಕೇಳಿದರೆ, ‘ಸರ್, ನನ್ನ ಮೇಲೆ ಯಾವ ಪ್ರಕರಣದಲ್ಲಿ ಅನುಮಾನವಿದೆ? ಇದನ್ನು ಸ್ಟೇಷನ್ ಡೈರಿಯಲ್ಲಿ ಬರೆಯುತ್ತೀರಾ?’ ಎಂದು ಕೇಳಿ. ಬರೆಯುವ ಮಾತು ಬಂದೊಡನೆ ನಮ್ಮವರಲ್ಲಿ ಹೆಚ್ಚಿನವರು ‘ಸರಿ, ಹೊರಡಿ’ ಎನ್ನುತ್ತಾರೆ. ಎಲ್ಲರೂ ಹಾಗೆನ್ನುತ್ತಾರೆಂದು ನಾನು ಭರವಸೆ ಕೊಡಲಾರೆ.