ಒಮ್ಮೆ ಬೇಡವೆಂದ ಏಜೆಂಟರಿಗೆ ಅದೇ ಕಾದಂಬರಿಯನ್ನು ಮತ್ತೆ ಕಳುಹಿಸಬಹುದೇ?

ತೋಟದಂಚು, ಶಿರಸಿ:
ಅಚ್ಚಾಗಿರುವ ನನ್ನ ಕನ್ನಡ ಕಾದಂಬರಿಯನ್ನು ನಾನೇ ಇಂಗ್ಲಿಷಿಗೆ ತಂದು, 2023ರ ಮಳೆಗಾಲದಲ್ಲಿ ದೆಹಲಿಯ ಒಬ್ಬ ಸಾಹಿತ್ಯ ಏಜೆಂಟರಿಗೆ (ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿಕೊಡುವವರು) ಕಳುಹಿಸಿದ್ದೆ. ಮೊದಲ ಮೂರು ಅಧ್ಯಾಯ, ಒಂದು ಪುಟದ ಕಥಾಸಾರ, ಜೊತೆಗೊಂದು ಪತ್ರ. ಹನ್ನೊಂದು ವಾರಗಳ ಮೇಲೆ ‘ಬೇಡ’ ಎಂದು ಉತ್ತರ ಬಂತು. ಆದರೆ ಕೊನೆಯಲ್ಲಿ ಒಂದು ಮಾತಿತ್ತು: ಅಡಕೆ ಸುಲಿಯುವ ರಾತ್ರಿ ಅಜ್ಜಿ ಮಾತಾಡುವ ಭಾಗಕ್ಕೆ ಜೀವವಿದೆ, ಅಲ್ಲಿಗೆ ಬರಲು ನಲವತ್ತು ಪುಟ ಕಾಯಬೇಕಾಯಿತು.

ಆ ನಲವತ್ತು ಪುಟಗಳಲ್ಲಿ ಮನೆತನದ ಚರಿತ್ರೆಯಿತ್ತು. ತೆಗೆಯಲು ಒಂದು ವರ್ಷ ಮನಸ್ಸೇ ಬರಲಿಲ್ಲ. ಈಗ ಅವು ಇಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತ ಅಜ್ಜಿಯೇ ಇಡೀ ಕಥೆ ಹೇಳುತ್ತಾಳೆ, ಶೀರ್ಷಿಕೆಯೂ ಬದಲಾಗಿದೆ. ಹಳೆಯ ನಿರಾಕರಣೆಯನ್ನು ಪತ್ರದಲ್ಲಿ ಹೇಳಬೇಕೇ? ಕನ್ನಡದಲ್ಲಿ ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರ ಕೈಗೆ ಕೊಟ್ಟೇ ರೂಢಿ ನನಗೆ.

ಹಳೆಯ ಕರಡು, ಮೈಸೂರು:
ಹೇಳಲೇಬೇಕು ಮೇಡಂ. ಶೀರ್ಷಿಕೆ ಬದಲಾದರೂ ಅಜ್ಜಿ ಅವರಿಗೆ ನೆನಪಿರುತ್ತಾಳೆ. ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ. ಅವರ ಹಳೆಯ ಇ-ಮೇಲ್‌ಗೇ ಉತ್ತರವಾಗಿ ಬರೆಯಿರಿ. ನನ್ನ ಕೃತಿ ಬೇಡವೆಂದ ಏಜೆಂಟರಿಗೆ ನಾನು ಮೂರೇ ವಾರದಲ್ಲಿ ವಾಕ್ಯಗಳನ್ನಷ್ಟೇ ತಿದ್ದಿ ಮತ್ತೆ ಕಳುಹಿಸಿದ್ದೆ, ಅವರು ಉತ್ತರಿಸಲೇ ಇಲ್ಲ. ನಿಮ್ಮದು ಹಾಗಲ್ಲ, ನಿರೂಪಕಿಯೇ ಬದಲಾಗಿದ್ದಾಳೆ.

ಎರಡು ನುಡಿ, ಪುಣೆ:
ಒಂದು ಎಚ್ಚರಿಕೆ. ತಿದ್ದಿ ಕಳುಹಿಸಿ ಎಂದು ಅವರು ಕರೆದಿಲ್ಲ. ಆದ್ದರಿಂದ ಮೊದಲು ಕೇಳಿ, ಒಪ್ಪಿದ ಮೇಲೆ ಅಧ್ಯಾಯಗಳನ್ನು ಕಳುಹಿಸಿ. ಅದೇ ಕೃತಿಯನ್ನು ಎರಡನೆಯ ಸಲ ನೋಡುವುದಿಲ್ಲ ಎಂದು ಕೆಲವು ಏಜೆನ್ಸಿಗಳು ತಮ್ಮ ಜಾಲತಾಣದಲ್ಲೇ ಬರೆದಿರುತ್ತವೆ, ಅದನ್ನೂ ನೋಡಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು: ಕನ್ನಡ ಪ್ರಕಾಶಕರೊಂದಿಗಿನ ಒಪ್ಪಂದವನ್ನು ತೆಗೆದು ಓದಿ. ಅನುವಾದದ ಹಕ್ಕು ನಿಮ್ಮಲ್ಲೇ ಉಳಿದಿದೆಯೇ? ನಾನು ಅನುವಾದಿಸಿದ ಒಂದು ಪುಸ್ತಕ ಎಂಟು ತಿಂಗಳು ನಿಂತದ್ದು ಅದೊಂದೇ ಸಾಲಿನಿಂದ. ಇಂಗ್ಲಿಷ್ ರೂಪ ಕನ್ನಡದ ಮುದ್ರಿತ ಪ್ರತಿಗಿಂತ ಬೇರೆಯಾಗಿದೆ ಎಂಬುದನ್ನೂ ತಿಳಿಸಿ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದದ್ದು ನಮಗೆಲ್ಲ ಹೆಮ್ಮೆ. ಆದರೆ ಪತ್ರದಲ್ಲಿ ಆ ಮಾತು ಬೇಡ, ಆ ಜಾಗ ನಿಮ್ಮ ಅಜ್ಜಿಗೆ ಬೇಕು.

ತೋಟದಂಚು, ಶಿರಸಿ:
ಒಪ್ಪಂದ ಹುಡುಕಿ ತೆಗೆದೆ. ಅನುವಾದದ ಹಕ್ಕು ನನ್ನದೇ. ಪತ್ರ ಹೀಗೆ ಶುರು ಮಾಡಿದ್ದೇನೆ: ‘ನೀವು ನಲವತ್ತು ಪುಟ ಕಾದಿರಿ ಎಂದು 2023ರಲ್ಲಿ ಬರೆದಿದ್ದಿರಿ. ಈಗ ಅಜ್ಜಿ ಮೊದಲ ಸಾಲಿನಲ್ಲೇ ಮಾತಾಡುತ್ತಾಳೆ. ಕಳುಹಿಸಲೇ?’